ರಿಜೆಕ್ಟ್ ಆಗಿದೆ, ಮಾಡಿದವರು ಯಾರೂ ಇಲ್ಲ

ಶಿವಮೊಗ್ಗ ಜಿಲ್ಲೆಯ ಯಾವ ತಾಲ್ಲೂಕು ಕಚೇರಿಗೆ ಬೇಕಾದರೂ ಹೋಗಿ ನೋಡಿ. ಅಲ್ಲಿ ಯಾರೂ ಯಾರ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ. ಮಳೆ ಬಂತು, ಕರೆಂಟ್ ಹೋಯ್ತು, ಅರ್ಜಿ ರಿಜೆಕ್ಟ್ ಆಯ್ತು. ಎಲ್ಲವೂ ತಾನಾಗಿಯೇ ಆಗುವಂಥದ್ದು.

ಕನ್ನಡದಲ್ಲಿ 'ಕೊಡಲ್ಲ' ಅಂದರೆ ಕೊಡದವನೊಬ್ಬ ಇರಲೇಬೇಕು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಎದುರಾಗುತ್ತಾನೆ, ಅವನ ಅತ್ತೆ ಮನೆ ನಿಮ್ಮೂರಲ್ಲೇ ಇರುತ್ತದೆ, ದಾಕ್ಷಿಣ್ಯದ ಪ್ರಶ್ನೆ. ಅದೇ ಒಂದು ಇಂಗ್ಲಿಷ್ ಪದ ಹಿಡಿದು ಅದಕ್ಕೆ 'ಆಗಿದೆ' ಅಂತ ಬಾಲ ಕಟ್ಟಿದರೆ ಕರ್ತೃ ಪರಾರಿ.

'ಸಾರ್, ನಮ್ದು ಏನಾಯ್ತು?'

'ರಿಜೆಕ್ಟ್ ಆಗಿದೆ ನೋಡಿ.'

'ಯಾರು ಸಾರ್ ಮಾಡಿದ್ದು?'

'ಸಿಸ್ಟಮ್ಮಲ್ಲಿ ಆಗಿದೆ ಮಾರಾಯ್ರೆ.'

ಪೆಂಡಿಂಗ್, ಹೋಲ್ಡ್, ರಿಟರ್ನ್, ಕ್ಯಾನ್ಸಲ್, ಎಲ್ಲ ಒಂದೇ ಮನೆತನದವು. ಆದರೆ ರಿಜೆಕ್ಟ್‌ನ ಪೂರ್ತಿ ಮಹಿಮೆ ತಿಳಿಯಬೇಕಾದರೆ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ಸಕಾಲ ಕಾಯ್ದೆಯ ಹತ್ತಿರವೇ ಹೋಗಬೇಕು. 2011ರ ಈ ಕಾಯ್ದೆಯ ಪ್ರಕಾರ ಅರ್ಜಿ ಕೊಟ್ಟ ಕೂಡಲೇ ಜಿಎಸ್‌ಸಿ ಸಂಖ್ಯೆ, ಅಂದರೆ ಆ ಅರ್ಜಿಯ ಗುರುತಿನ ಸಂಖ್ಯೆ, ಇರುವ ಸ್ವೀಕೃತಿ ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ; ತಡ ಮಾಡಿದವರ ಸಂಬಳದಿಂದಲೇ ಮುರಿಯಬೇಕು. ಒಳ್ಳೆಯ ಕಾಯ್ದೆ. ಒಂದೇ ಒಂದು ಕಿಂಡಿ ಇದೆ: ಗಡುವಿನೊಳಗೆ ಕೆಲಸ ಮಾಡಿಕೊಟ್ಟರೂ ವಿಲೇವಾರಿ, ಆಗಲ್ಲ ಅಂತ ವಾಪಸ್ ಕಳಿಸಿದರೂ ವಿಲೇವಾರಿ. ಹಾಗಾಗಿ ಕೊನೆಯ ದಿನ ಸಂಜೆ ಹೊತ್ತಿಗೆ ಕೆಲವರಿಗೆ ದಿವ್ಯದೃಷ್ಟಿ ಪ್ರಾಪ್ತವಾಗುತ್ತದೆ. ಪಹಣಿಯಲ್ಲಿ 'ತಿಮ್ಮಪ್ಪ ಬಿನ್ ಹುಚ್ಚಪ್ಪ' ಅಂತಿದೆ, ಆಧಾರ್‌ನಲ್ಲಿ 'ಹೆಚ್. ತಿಮ್ಮಪ್ಪ' ಅಂತಿದೆ. ಇಬ್ಬರೂ ಒಬ್ಬನೇ ಎಂಬುದಕ್ಕೆ ಏನು ಪುರಾವೆ? ತಿಮ್ಮಪ್ಪ ಎದುರಿಗೇ ನಿಂತಿದ್ದಾನೆ, ಆದರೆ ಅವನು ದಾಖಲೆ ಅಲ್ಲವಲ್ಲ.

ಇಲ್ಲಿ ಹೆಚ್ಚಿನವರು ತಪ್ಪುವುದು ಎಲ್ಲಿ ಗೊತ್ತೇ? 'ಇನ್ನೊಂದ್ಸಲ ಹಾಕಿ' ಅಂದ ತಕ್ಷಣ ಹೊರಗಿನ ಸೈಬರ್‌ನಲ್ಲಿ ಹೊಸ ಅರ್ಜಿ ಹಾಕುತ್ತಾರೆ. ಹೊಸ ಅರ್ಜಿ ಎಂದರೆ ಹೊಸ ಜಿಎಸ್‌ಸಿ ಸಂಖ್ಯೆ, ಹೊಸ ಗಡುವು. ಕಾದ ದಿನಗಳೆಲ್ಲ ತುಂಗೆಯ ಪಾಲು. ಅದರ ಬದಲು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಬೇಕು. ಕಾರಣ, ಸಹಿ, ಹುದ್ದೆ, ದಿನಾಂಕ ನಾಲ್ಕೂ ಇರುವ ಹಿಂಬರಹ. ಅದು ಕೈಗೆ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಸಹಿ ಹಾಕಬೇಕು ಅಂದಕೂಡಲೇ ಒಂದು ಚಮತ್ಕಾರವೂ ನಡೆಯುವುದುಂಟು: ಸಿಸ್ಟಮ್ಮಲ್ಲಿ ಆಗಿದ್ದದ್ದು ಸಿಸ್ಟಮ್ಮಲ್ಲೇ ಸರಿಹೋಗುತ್ತದೆ.

ಅರಣ್ಯ ಹಕ್ಕು ಅರ್ಜಿಗಳದ್ದು ಇನ್ನೂ ಮೇಲಿನ ತರಗತಿ. 2006ರ ಕಾಯ್ದೆ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 13-12-2005ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. ನಾಡಿಗೆ ಬೆಳಕು ಬರಲಿ ಅಂತ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗೆ ಮನೆ, ಗದ್ದೆ, ದೇವಸ್ಥಾನ ಎಲ್ಲ ಬಿಟ್ಟುಕೊಟ್ಟು ಕಾಡಿಗೆ ಎದ್ದು ಬಂದವರಿದ್ದಾರೆ. ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಲ್ಲಿಂದ ಎಣಿಸಿದರೆ 2005ಕ್ಕೆ 41 ವರ್ಷ. ಬಾಕಿ 34 ವರ್ಷದ ದಾಖಲೆ ಹಿನ್ನೀರಿನ ತಳದಲ್ಲಿದೆ. 'ಡಾಕ್ಯುಮೆಂಟ್ ಶಾರ್ಟ್ ಇದೆ' ಎನ್ನುತ್ತಾರೆ. ಶಾರ್ಟ್ ಅಲ್ಲ ಸ್ವಾಮಿ, ಡೀಪ್ ಇದೆ. ನಿಯಮದಲ್ಲಿ ಊರಿನ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿ ಸಾಕ್ಷ್ಯವಾಗಿ ಕೊಡಬಹುದು ಅಂತಲೂ ಇದೆ, ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಹೋಗಬಹುದು ಅಂತಲೂ ಇದೆ. ಆದರೆ ರಿಜೆಕ್ಟ್ ಆದದ್ದು ಯಾವಾಗ ಅಂತಲೇ ಗೊತ್ತಿಲ್ಲದವನು 60 ದಿನ ಎಲ್ಲಿಂದ ಎಣಿಸಬೇಕು?

ಇದರಲ್ಲಿ ಪಾಪ ಇಂಗ್ಲಿಷಿನ ತಪ್ಪೇನೂ ಇಲ್ಲ. ಅವರ ಪದಗಳ ಹಿಂದೆ ಮನುಷ್ಯರಿದ್ದಾರೆ. ಕ್ಲಬ್ಬಿಗೆ ಹೊಸಬ ಬೇಡ ಅಂದರೆ ಸದಸ್ಯ ಡಬ್ಬಿಯೊಳಗೆ ಕೈಯಿಟ್ಟು ಕಪ್ಪು ಗುಂಡು ಹಾಕುತ್ತಿದ್ದ, ಬ್ಲ್ಯಾಕ್‌ಬಾಲ್ ಆಯಿತು. ಅಥೆನ್ಸಿನವರು ಮಡಕೆ ಚೂರಿನ ಮೇಲೆ ಹೆಸರು ಗೀಚಿ 10 ವರ್ಷ ಊರು ಬಿಡಿಸುತ್ತಿದ್ದರು. ಹೊರಗಿಡುವುದಕ್ಕೆ ಹೇಳುವ ಆಸ್ಟ್ರಸೈಸ್ ಹುಟ್ಟಿದ್ದು ಆ ಚೂರಿನಿಂದ. 1880ರಲ್ಲಿ ಐರ್ಲೆಂಡಿನ ಮೇಯೋ ಸೀಮೆಯ ಗೇಣಿದಾರರು ಜಮೀನ್ದಾರನ ಏಜೆಂಟ್ ಕ್ಯಾಪ್ಟನ್ ಬಾಯ್ಕಾಟ್‌ನ ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊಯ್ಲಿಗೆ ಹೊರಗಿನಿಂದ 50 ಜನರನ್ನು ಕರೆಸಿ ಅವರ ಕಾವಲಿಗೆ ಸೈನ್ಯ ನಿಲ್ಲಿಸಬೇಕಾಯಿತು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚೇ ಎಷ್ಟೋ ಪಟ್ಟು. ಬಹಿಷ್ಕಾರಕ್ಕೆ ಅವನ ಹೆಸರೇ ನಿಂತಿತು. ನಮ್ಮಲ್ಲೂ 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನ ಗೇಣಿದಾರರು ಗೇಣಿಯ ಭತ್ತ ಅಳೆಯುವ ಕೊಳಗದ ವಿಷಯಕ್ಕೆ ಜಮೀನಿನ ಒಡೆಯರ ಎದುರು ನಿಂತು ಇಲ್ಲ ಅಂದರು, ಜೈಲಿಗೂ ಹೋದರು. 'ಗೇಣಿ ಪೆಂಡಿಂಗ್ ಆಗಿದೆ' ಎನ್ನುವ ಉಪಾಯ ಅವರಿಗೆ ಹೊಳೆಯಲಿಲ್ಲ.

ಈಗ ಕಚೇರಿಯ ಭಾಷೆ ಹೆಣ್ಣು ನೋಡುವ ಶಾಸ್ತ್ರಕ್ಕೂ ಇಳಿದಿದೆ. ಮೊದಲು 'ಜಾತಕ ಕೂಡಲ್ಲ' ಅನ್ನುತ್ತಿದ್ದರು. ಸುಳ್ಳಾದರೂ ಗ್ರಹಗಳ ಮೇಲೆ ಹಾಕಿದ ಗೌರವಸ್ಥ ಸುಳ್ಳು. ಎರಡೆಕರೆ ಅಡಿಕೆ ತೋಟದ ಹುಡುಗನಿಗೆ ಈಗ 'ಪ್ರೊಫೈಲ್ ಹೋಲ್ಡಲ್ಲಿ ಇಟ್ಟಿದೀವಿ, ಅಪ್‌ಡೇಟ್ ಮಾಡ್ತೀವಿ' ಅಂತ ಉತ್ತರ ಬರುತ್ತದೆ. ಆಮೇಲೆ ಘೋಸ್ಟಿಂಗ್. ಫೋನಿಲ್ಲ, ಮೆಸೇಜಿಲ್ಲ, ಮಾಯ.

ಆದರೆ ಬೆಂಗಳೂರಿನ ಈ ವಿದ್ಯೆ ಘಟ್ಟದ ಮಳೆಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ವಾಟ್ಸಾಪ್‌ನಲ್ಲಿ ಬ್ಲಾಕ್ ಆಗಿದ್ದರೂ ಒಂದೇ ಟಿಕ್, ಕರೆಂಟ್ ಹೋಗಿ ಟವರಿನ ಬ್ಯಾಟರಿ ಸತ್ತಿದ್ದರೂ ಒಂದೇ ಟಿಕ್. ವಾಟ್ಸಾಪ್ ಕರೆ ಮಾಡಿದರೆ ಎರಡಕ್ಕೂ 'ಕಾಲಿಂಗ್' ಅಂತಲೇ ಇರುತ್ತದೆ, 'ರಿಂಗಿಂಗ್' ಆಗುವುದಿಲ್ಲ. ಡಿಪಿ ಮಾಯವಾಗಿದ್ದರೆ ಅನುಮಾನ ಪಡಬಹುದು. ಅವರನ್ನು ಒಂದು ಗ್ರೂಪಿಗೆ ಸೇರಿಸಲು ನೋಡಿ, ಸೇರಿಸಲಾಗದಿದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಈ ಪರೀಕ್ಷೆ ಮಾಡಲೂ ನೆಟ್‌ವರ್ಕ್ ಬೇಕು, ಹೊಸನಗರದ ಕಡೆ ಆಷಾಢದಲ್ಲಿ ಅದಕ್ಕೆ ಗುಡ್ಡ ಹತ್ತಬೇಕು. 'ಅವರಿಗೆ ಟವರ್ ಸಿಗ್ತಿಲ್ಲ ಅನ್ಸುತ್ತೆ ಕಣೋ' ಅಂತ ಅಮ್ಮ ಶ್ರಾವಣ ಕಳೆಯುತ್ತಾಳೆ, ಭಾದ್ರಪದವನ್ನೂ ಕಳೆಯುತ್ತಾಳೆ. ದಸರಾ ಹೊತ್ತಿಗೆ ಅದೇ ಹುಡುಗಿಯ ಮದುವೆ ಕರೆಯೋಲೆ ನೆಂಟರ ಗ್ರೂಪಿಗೆ ಬಂದು ಬೀಳುತ್ತದೆ: ಸಕುಟುಂಬ ಸಪರಿವಾರ ಸಮೇತರಾಗಿ ಬಂದು ಆಶೀರ್ವದಿಸಬೇಕು, ಉಡುಗೊರೆಗಳಿಗೆ ಮನ್ನಣೆಯಿಲ್ಲ.