ಅಪ್ಪನ ಜೊತೆ ಗೆಡಿಂಗ್ಟನ್ ಸುತ್ತಿ ಬಂದದ್ದು

ಇಂಗ್ಲೆಂಡಿಗೆ ಬರುವ ನೆಂಟರೆಲ್ಲ ಮೊದಲು ಕೇಳುವುದು ಅರಮನೆಯನ್ನೇ. ಬಕಿಂಗ್‌ಹ್ಯಾಮ್ ಗೇಟಿನ ಮುಂದೆ ಒಂದು ಫೋಟೋ, ವಿಂಡ್ಸರ್‌ನಲ್ಲಿ ಇನ್ನೊಂದು. ಬೇಡ ಅನ್ನಲ್ಲ, ನೋಡಲಿ. ಆದರೆ ಮೇ ಮೊದಲ ವಾರ ಅಪ್ಪ ಬಂದಾಗ ನಾನು ಮೊದಲು ಕರೆದುಕೊಂಡು ಹೋಗಿದ್ದು ಗೆಡಿಂಗ್ಟನ್ ಅನ್ನುವ ಹಳ್ಳಿಗೆ. ನಾರ್ಥಾಂಪ್ಟನ್‌ಶೈರ್‌ನ ಕೆಟರಿಂಗ್ ಹತ್ತಿರ ಇದೆ. ಹಳ್ಳಿಯಿಂದ ಹೊರಟು, ಹೊಲ ದಾಟಿ, ಕಾಡು ಹೊಕ್ಕು, ಬೇರೆ ದಾರಿಯಲ್ಲಿ ಸುತ್ತಿಕೊಂಡು ಮತ್ತೆ ಅದೇ ಹಳ್ಳಿಗೆ ಬರುವ ನಡಿಗೆ.

ಊರಿನ ನಟ್ಟನಡುವೆ ಒಂದು ಕಲ್ಲಿನ ಕಂಬ ನಿಂತಿದೆ. ಮೂರು ಮೂಲೆಯದು, ಮೈತುಂಬ ಹೂವಿನ ಕೆತ್ತನೆ. ಮೇಲೆ ಮೂರು ಕಡೆಗೂ ಒಬ್ಬಳೇ ಹೆಂಗಸಿನ ವಿಗ್ರಹ. ಆಕೆ ರಾಣಿ ಎಲಿನಾರ್, ಮೊದಲನೇ ಎಡ್ವರ್ಡ್‌ನ ಹೆಂಡತಿ. ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ಹುಡುಗಿ. 1254ರಲ್ಲಿ ಮದುವೆ. ಗಂಡ ಕ್ರುಸೇಡ್ ಅನ್ನುವ ಧರ್ಮಯುದ್ಧಕ್ಕೆ ಹೊರಟಾಗ ಇವಳೂ ಜೊತೆಗೆ ಹೋದಳು, ಈಗಿನ ಇಸ್ರೇಲಿನ ಏಕರ್ ಪಟ್ಟಣದಲ್ಲಿ ಒಂದು ಮಗುವನ್ನೂ ಹೆತ್ತಳು. 1290ರ ನವೆಂಬರ್ 28ರಂದು ಲಿಂಕನ್ ಹತ್ತಿರದ ಹಾರ್ಬಿ ಅನ್ನುವ ಹಳ್ಳಿಯಲ್ಲಿ ತೀರಿಕೊಂಡಳು. ಹೆಣವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ಗೆ ತರುವಾಗ ರಾತ್ರಿ ಇಳಿಸಿದ ಊರುಗಳಲ್ಲೆಲ್ಲ ರಾಜ ಒಂದೊಂದು ಕಂಬ ನಿಲ್ಲಿಸಿದ. ಒಟ್ಟು ಹನ್ನೆರಡು. ಇವತ್ತು ಉಳಿದಿರುವುದು ಮೂರೇ, ಅದರಲ್ಲಿ ಜಾಸ್ತಿ ಚೆನ್ನಾಗಿ ಉಳಿದದ್ದು ಗೆಡಿಂಗ್ಟನ್ನಿನದು. ಲಂಡನ್ನಿನ ಚೇರಿಂಗ್ ಕ್ರಾಸ್ ಹೆಸರು ಬಂದದ್ದೂ ಇಂಥದ್ದೇ ಕಂಬದಿಂದ. ಅದನ್ನು 1647ರಲ್ಲಿ ಕೆಡವಿದರು. ಈಗ ಅಲ್ಲಿನ ರೈಲ್ವೆ ಸ್ಟೇಷನ್ ಮುಂದೆ ಇರುವುದು 1865ರಲ್ಲಿ ಮಾಡಿಸಿ ಇಟ್ಟದ್ದು.

ಅಪ್ಪ ಕಂಬವನ್ನು ಮೂರು ಸುತ್ತು ಸುತ್ತಿ ನೋಡಿದರು. "ನಮ್ಮಲ್ಲಿ ಗಂಡನ ಹಿಂದೆ ಸತ್ತವಳಿಗೆ ಮಾಸ್ತಿಕಲ್ಲು. ಇಲ್ಲಿ ಗಂಡ ಬದುಕಿದ್ದು ಹೆಂಡತಿಗೆ ಕಲ್ಲು ನಿಲ್ಲಿಸಿದಾನಲ್ಲೇ" ಅಂದರು. ಎಡ್ವರ್ಡ್ ಒಳ್ಳೆಯ ಅರಸು ಅಂತ ನಾನು ಹೇಳಲಾರೆ. ವೇಲ್ಸ್ ಜನರನ್ನು ತುಳಿದವನು, ಅದೇ 1290ರಲ್ಲಿ ಯಹೂದಿಗಳನ್ನೆಲ್ಲ ದೇಶದಿಂದ ಓಡಿಸಿದವನು. ಅದನ್ನೂ ಅಪ್ಪನಿಗೆ ಹೇಳಿದೆ. ಕಲ್ಲು ಚೆಂದ ಇದೆ ಅಂತ ಅದನ್ನು ಮರೆಯಬಾರದು.

ಊರು ಬಿಟ್ಟ ಮೇಲೆ ಗೋಧಿ ಹೊಲ. ಅಂಚಿನ ಗೂಟದ ಮೇಲೆ ಕಾಲುದಾರಿ ತೋರಿಸುವ ಹಳದಿ ಬಾಣ, ಅದು ತೋರಿಸುವುದು ಹೊಲದ ನಟ್ಟನಡುವೆ. ಅಪ್ಪ ಅಲ್ಲೇ ನಿಂತರು. "ಯಾರದ್ದೋ ಹೊಲ ಮಗಾ. ಬೆಳೆ ನಿಂತಿದೆ. ಕೇಳದೆ ಒಳಗೆ ಹೋಗೋದಾ? ಅಂಚಿನ ಮೇಲೆ ಸುತ್ತಿ ಹೋಗೋಣ." ಕೊಪ್ಪದ ಕಡೆ ಗದ್ದೆ, ತೋಟ ಮಾಡಿಕೊಂಡು ಬಂದ ಮನುಷ್ಯ, ಹಾಗೆ ಅನ್ನದೆ ಇನ್ನೇನು ಅಂದಾರು?

ಆದರೆ ಇಲ್ಲಿ ಲೆಕ್ಕ ತಿರುಗಾಮುರುಗಾ. ನಡುವೆ ಹೋಗುವುದು ಹಕ್ಕು, ಅಂಚಿನಲ್ಲಿ ಹೋದರೆ ತಪ್ಪು. ದಾರಿ ಎಲ್ಲಿದೆಯೋ ಅಲ್ಲೇ ನಡೆಯಬೇಕು. 1949ರ ಕಾನೂನಿನ ಪ್ರಕಾರ ಪ್ರತಿ ಕೌಂಟಿಯೂ ತನ್ನ ಕಾಲುದಾರಿಗಳ ನಕ್ಷೆ ಮಾಡಬೇಕಾಯಿತು. ಅದರಲ್ಲಿ ಬಂದ ದಾರಿಯನ್ನು ಹೊಲದ ಯಜಮಾನ ಸುಮ್ನೆ ಮುಚ್ಚುವ ಹಾಗಿಲ್ಲ. ಉತ್ತರೆ ಹದಿನಾಲ್ಕು ದಿನದೊಳಗೆ ಮತ್ತೆ ದಾರಿ ಸಮ ಮಾಡಿಕೊಡಬೇಕು. ಬೆಳೆ ಎದ್ದ ಮೇಲೂ ನಡುವೆ ಕನಿಷ್ಠ ಒಂದು ಮೀಟರ್ ಬಿಡಬೇಕು. ಇಂಗ್ಲೆಂಡ್, ವೇಲ್ಸ್ ಸೇರಿ ಇಂಥ ದಾರಿ ಸುಮಾರು 2,25,000 ಕಿಲೋಮೀಟರ್ ಇದೆ.

"ಓ, ನಕಾಶೆ ಕಂಡ ದಾರಿ!" ಅಂದರು ಅಪ್ಪ. ಅಷ್ಟು ಹೇಳಿ ಗೋಧಿ ನಡುವೆ ನನಗಿಂತ ಮುಂದೆ ಹೊರಟರು.

ಬೇಲಿ ಬಂದಲ್ಲಿ ಹತ್ತಿ ಇಳಿಯಲು ಹಲಗೆ ಮೆಟ್ಟಿಲು. "ಥೇಟ್ ನಮ್ಮ ತಡಬೆ ಕಣೇ!" ಅಂದರು ಅಪ್ಪ. ಅದನ್ನು ದಾಟಿದರೆ ರೇಪ್‌ಸೀಡ್, ಕಣ್ಣು ಹೋಗುವಷ್ಟು ದೂರ ಹಳದಿ. ಒಂದು ಹೂವು ಮೂಸಿ, ಸಾಸಿವೆ ಕುಲದ್ದೇ ಅಂತ ತೀರ್ಮಾನ ಕೊಟ್ಟರು. ಸರಿಯಾಗೇ ಹೇಳಿದರು.

ಆಮೇಲೆ ಕಾಡು. ಗೆಡಿಂಗ್ಟನ್ ಚೇಸ್ ಅನ್ನುತ್ತಾರೆ. ಈ ಸೀಮೆಯೆಲ್ಲ ರಾಕಿಂಗ್‌ಹ್ಯಾಮ್ ಫಾರೆಸ್ಟ್, ಅಂದರೆ ರಾಜನ ಬೇಟೆಗೆ ಮೀಸಲಿಟ್ಟ ನೆಲ. ಆಗ ಫಾರೆಸ್ಟ್ ಅಂದರೆ ಬರೀ ಮರವಲ್ಲ, ರಾಜನ ಬೇಟೆಯ ಕಾನೂನು ನಡೆಯುವ ಜಾಗ. ಹಳ್ಳಿ, ಹೊಲವೂ ಅದರೊಳಗೇ. ಗೆಡಿಂಗ್ಟನ್ನಿನಲ್ಲಿ ಅರಸರ ಬೇಟೆಮನೆ ಇತ್ತು, 1188ರಲ್ಲಿ ಎರಡನೇ ಹೆನ್ರಿ ಧರ್ಮಯುದ್ಧಕ್ಕೆ ತೆರಿಗೆ ಎತ್ತಲು ಸಭೆ ಕರೆದದ್ದೂ ಇಲ್ಲೇ. ಜಿಂಕೆ ಕೊಂದವನ ಜೀವಕ್ಕೇ ಕುತ್ತು ಬರುತ್ತಿದ್ದ ಕಾಲ ಅದು. 1217ರ ಕಾಡಿನ ಸನ್ನದು ಬಂದ ಮೇಲೆ ಜಿಂಕೆಗಾಗಿ ಯಾರ ಜೀವವನ್ನೂ, ಕೈಕಾಲನ್ನೂ ತೆಗೆಯಬಾರದು ಅಂತಾಯಿತು. ಕಾಡಿನೊಳಗೆ ಸ್ವಂತ ಮರವಿದ್ದವರು ಅಲ್ಲಿ ಹಂದಿ ಮೇಯಿಸಬಹುದು ಅಂತಲೂ ಬರೆದರು. ಅಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಒಂದು ಓಕ್ ಮರದ ಬುಡದಲ್ಲಿ ಕೂತು, ಸುತ್ತ ನೀಲಿ ಬ್ಲೂಬೆಲ್ ಹೂವಿನ ಮಧ್ಯೆ, ತೋಟಕ್ಕೆ ಸೊಪ್ಪು ತರಲು ಬಿಟ್ಟ ನಮ್ಮ ಸೊಪ್ಪಿನಬೆಟ್ಟದ ಜಗಳಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಆ ಹಂದಿ ಸಾಕುವವರ ಕಷ್ಟ ಅವರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಯಿತು.

ಬೇಟೆಮನೆ ಈಗ ಇಲ್ಲ. ಅಲ್ಲಿ ಇಳಿಯುತ್ತಿದ್ದ ಅರಸರೂ ಇಲ್ಲ. ನಾವು ನಡೆದ ದಾರಿ ಇದೆ. ಜನ ನಡೆದರು, ನಕ್ಷೆಗೆ ಹಾಕಿಸಿದರು, ಮುಚ್ಚಿದಲ್ಲಿ ಜಗಳ ಆಡಿದರು, ಅದಕ್ಕೆ ಇದೆ. 1932ರಲ್ಲಿ ನಡೆಯುವ ಹಕ್ಕು ಕೇಳಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಅಪ್ಪಣೆ ಇಲ್ಲದೆ ಹತ್ತಿದ ಹುಡುಗರಲ್ಲಿ ಕೆಲವರು ಜೈಲಿಗೂ ಹೋದರು. ಹಳೇ ಕಲ್ಲನ್ನು ಕಾಯುವಷ್ಟೇ ಕಾಳಜಿಯಿಂದ ಹಳೇ ದಾರಿಯನ್ನೂ ಕಾಯಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ನಮ್ಮೂರಲ್ಲೂ ಗ್ರಾಮ ನಕಾಶೆ ಇದೆ, ಅದರಲ್ಲಿ ಕಾಲುದಾರಿ, ಬಂಡಿದಾರಿ ಎರಡೂ ಇವೆ. ನಾನು ಚಿಕ್ಕವಳಿದ್ದಾಗ ಶಾಲೆಗೆ ಹೋಗುತ್ತಿದ್ದ ದಾರಿಗೆ ಈಗ ಬೇಲಿ ಬಿದ್ದಿದೆ. ಅಪ್ಪ ನಕಾಶೆ ಹಿಡಿದು ಕಚೇರಿಗೆ ಅಲೆದದ್ದೇ ಬಂತು. ಹೋದವರಿಗೆಲ್ಲ ಬರುವ ಉತ್ತರ, "ಈಗ ಅಲ್ಲಿ ಯಾರು ನಡೀತಾರೆ?" ಬೇಲಿ ಹಾಕಿದವರ ಭಯವೂ ಸುಳ್ಳಲ್ಲ. ಅಡಿಕೆ ಕಳುವಾಗುತ್ತದೆ, ದನ ನುಗ್ಗುತ್ತದೆ. ಇಂಗ್ಲೆಂಡಿನ ರೈತರಿಗೂ ನಾಯಿ ಬಿಡುವವರ ಮೇಲೆ, ಗೇಟು ತೆರೆದಿಟ್ಟು ಹೋಗುವವರ ಮೇಲೆ ಸಿಟ್ಟಿದೆ. ಅದಕ್ಕೆ ನಡೆಯುವವರು ನೆಟ್ಟಗಿರಬೇಕು, ಸರಿ. ದಾರಿಯನ್ನೇ ತೆಗೆಯುವುದು ಯಾವ ನ್ಯಾಯ?

ತೀರ್ಥಹಳ್ಳಿ ಕಡೆ ಹೋದವರು ಕವಲೇದುರ್ಗಕ್ಕೆ ಹತ್ತಿರುತ್ತೀರಿ. ಕೆಳದಿ ನಾಯಕರ ಕೋಟೆ. ಮೊದಲು ಗದ್ದೆ ಪಕ್ಕ ನಡೆದು, ಆಮೇಲೆ ಮರಗಳ ನಡುವೆ ಕಲ್ಲುಹಾಸು ಹತ್ತಿದರೆ ಹೆಬ್ಬಾಗಿಲು ಕಾಣುತ್ತದೆ. ಕಾರು ಬಾಗಿಲವರೆಗೆ ಹೋಗಬೇಕು ಅಂತ ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಆ ಗದ್ದೆಯ ದಾರಿಯೂ ಕೋಟೆಯ ಭಾಗವೇ.

ಗೆಡಿಂಗ್ಟನ್ನಿಗೆ ವಾಪಸ್ ಬಂದಾಗ ಐಸ್ (Ise) ಅನ್ನುವ ಹೊಳೆಯ ಹಳೇ ಸೇತುವೆ ಪಕ್ಕ ಮಕ್ಕಳು ನೀರಿಗಿಳಿದು ಆಡುತ್ತಿದ್ದರು. ಅಪ್ಪ ಸೇತುವೆ ಕಟ್ಟೆ ಮೇಲೆ ಕೂತು ನನ್ನ ಫೋನ್ ಇಸಿದುಕೊಂಡರು, ಹಳದಿ ಬಾಣದ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಊರಿಗೆ ಹೋದ ಮೇಲೆ ಅದನ್ನು ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಗ್ರಾಮ ನಕಾಶೆ ಜೊತೆ ಅದೇ ಫೈಲಿನಲ್ಲಿ ಇಟ್ಟಿದ್ದಾರಂತೆ. ಬರುವ ಸೋಮವಾರ ಮತ್ತೆ ಕಚೇರಿಗೆ ಹೋಗುತ್ತಾರೆ.