ಒಂದೇ ವಠಾರದಲ್ಲಿ ಜೈಲೂ ಕ್ಯಾಬಿನೆಟ್ಟೂ

ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಆ ಗಾದೆಯನ್ನು ಢಾಕಾದ ಬ್ಯಾರಿಸ್ಟರ್ ಮೌದೂದ್ ಅಹಮದ್ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಂಗ್ಲಾದೇಶದಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಸಾಹೇಬರು ಮೊರ ಹಿಡಿದು ಕಣದಲ್ಲಿ ಹಾಜರ್.

ಶುರುವಾತು ಚೆನ್ನಾಗಿಯೇ ಇತ್ತು. ದೇಶ ಒಡೆಯುವ ಸಂಚೆಂದು ಪಾಕಿಸ್ತಾನ ಹೂಡಿದ ಅಗರ್ತಲಾ ಪಿತೂರಿ ಕೇಸಿನಲ್ಲಿ, ಮುಂದೆ ಬಾಂಗ್ಲಾದೇಶದ ಸ್ಥಾಪಕರೆನಿಸಿದ ಶೇಖ್ ಮುಜೀಬರ ಪರ ದುಡಿದ ವಕೀಲರಲ್ಲಿ ಇವರೂ ಒಬ್ಬರು. 1971ರ ಯುದ್ಧದ ಹೊತ್ತಿಗೆ ಬಾಂಗ್ಲಾದ ಹಂಗಾಮಿ ಸರ್ಕಾರದ ಪೋಸ್ಟ್‌ಮಾಸ್ಟರ್ ಜನರಲ್. ಕಾಗದ ಹಂಚಲು ನೆಲವೇ ಕೈಗೆ ಬಂದಿರಲಿಲ್ಲ, ಅಂಚೆ ಇಲಾಖೆ ಮಾತ್ರ ತಯಾರು! ನೆಲ ಬಂತು, ಮುಜೀಬರೂ ಬಂದರು, ಮೂರು ವರ್ಷ ಕಳೆಯುವುದರೊಳಗೆ ಅವರದೇ ಸರ್ಕಾರ ಈ ವಕೀಲರನ್ನು ಒಳಗೆ ಹಾಕಿತು. ಢಾಕಾದಲ್ಲಿ ಜೈಲೂ ಕ್ಯಾಬಿನೆಟ್ಟೂ ಒಂದೇ ವಠಾರದ ಎರಡು ಮನೆಗಳು, ನಡುವೆ ಇರುವುದು ತೆಳ್ಳನೆ ಗೋಡೆ ಎಂಬ ಗುಟ್ಟು ಅವರಿಗೆ ಆಗಲೇ ಹೊಳೆದಿರಬೇಕು.

ಮುಜೀಬರ ಕೊಲೆಯಾದ ಮೇಲೆ ಜನರಲ್ ಜಿಯಾವುರ್ ರಹಮಾನ್ ಬಂದರು, ಇವರು ಮಂತ್ರಿಯಾದರು, ಉಪಪ್ರಧಾನಿಯೂ ಆದರು. ಜಿಯಾ ಕೈಬಿಟ್ಟರು. 1982ರಲ್ಲಿ ಇನ್ನೊಬ್ಬ ಜನರಲ್, ಎರ್ಶಾದ್. ಈ ಪುಣ್ಯಾತ್ಮನ ಲೆಕ್ಕವೇ ಬೇರೆ. ಮೊದಲು ಮೌದೂದರಿಗೆ ಭ್ರಷ್ಟಾಚಾರದ ಕೇಸು ಜಡಿದು ಸೈನಿಕ ನ್ಯಾಯಾಲಯದಿಂದ ಶಿಕ್ಷೆ ಕೊಡಿಸಿದ್ದಾಯಿತು. ಆಮೇಲೆ ಹೊರಗೆ ಕರೆತಂದು ಮಂತ್ರಿ ಮಾಡಿದ್ದಾಯಿತು. ಆಮೇಲೆ ಉಪಪ್ರಧಾನಿ, 1988ರಲ್ಲಿ ಪ್ರಧಾನಿ, ಮರುವರ್ಷ ಉಪರಾಷ್ಟ್ರಪತಿ! ನಮ್ಮ ನಿಮ್ಮಂಥವರು ನೌಕರಿಗೆ ಹೋದರೆ ನಡತೆ ಪ್ರಮಾಣಪತ್ರ ಕೇಳುತ್ತಾರೆ. ಅಲ್ಲಿ ಜೈಲಿನ ಬಿಡುಗಡೆ ಚೀಟಿಯೇ ಸಾಕಿತ್ತೇನೋ.

1990ರ ಡಿಸೆಂಬರಿನಲ್ಲಿ ಬೀದಿ ಹೊತ್ತಿಕೊಂಡಿತು. ಎರ್ಶಾದ್ ಇಳಿಯಲೇಬೇಕು. ಆದರೆ ಅವರು ಇಳಿದರೆ ಸಂವಿಧಾನದ ಪ್ರಕಾರ ಮೇಲೇರುವವರು ಯಾರು? ನಮ್ಮ ಬ್ಯಾರಿಸ್ಟರೇ! ಜನ ಬಿಡುತ್ತಾರೆಯೇ? ಮೊದಲು ಇವರು ಉಪರಾಷ್ಟ್ರಪತಿ ಕುರ್ಚಿ ಬಿಟ್ಟರು, ಅದರಲ್ಲಿ ಮುಖ್ಯ ನ್ಯಾಯಮೂರ್ತಿ ಶಹಾಬುದ್ದೀನ್ ಅಹಮದ್ ಕೂತರು, ಆಮೇಲೆ ಎರ್ಶಾದ್ ಎದ್ದರು. ಒಂದು ದೇಶದ ಪ್ರಜಾಪ್ರಭುತ್ವಕ್ಕೆ ದಾರಿಯಾಗಲೆಂದು ಮೌದೂದರು ಸರಿದು ಕೂತದ್ದು ಸಣ್ಣ ತ್ಯಾಗವೇನಲ್ಲ.

ಐದಾರು ವರ್ಷ ಬಿಟ್ಟು ಅವರು ಸೇರಿದ್ದು ಬಿಎನ್‌ಪಿಗೆ. ಎರ್ಶಾದರನ್ನು ಇಳಿಸಲು ಬೀದಿಗಿಳಿದಿತ್ತಲ್ಲ ಜನರಲ್ ಜಿಯಾರ ಪತ್ನಿ ಖಾಲಿದಾ ಜಿಯಾರ ಪಕ್ಷ, ಅದೇ. 2001ರಲ್ಲಿ ಕಾನೂನು ಮಂತ್ರಿ. ಅವರ ಕಾಲದಲ್ಲೇ, 2004ರಲ್ಲಿ, ಹದಿನಾಲ್ಕನೇ ತಿದ್ದುಪಡಿ ಬಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು 65ರಿಂದ 67ಕ್ಕೇರಿತು. ಹಿರಿಯರ ಮೇಲೆ ಎಂಥ ಗೌರವ! ಆದರೆ ಆಗ ಚುನಾವಣೆ ನಡೆಸುತ್ತಿದ್ದ ಉಸ್ತುವಾರಿ ಸರ್ಕಾರದ ಮುಖ್ಯಸ್ಥರಾಗಬೇಕಾದವರು ಕೊನೆಯದಾಗಿ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿ. ಎರಡು ವರ್ಷ ಹಿಗ್ಗಿಸಿದ್ದರಿಂದ ಮುಂದಿನವರು ಚುನಾವಣೆಗೆ ಮುಂಚೆ ನಿವೃತ್ತರಾಗದೆ ಸರದಿ ಆಗಲೇ ನಿವೃತ್ತರಾಗಿದ್ದ ಕೆ. ಎಂ. ಹಸನ್ ಅವರ ಬಾಗಿಲಿಗೇ ಬಂದು ನಿಂತಿತು. ಹಸನ್ ಹಿಂದೊಮ್ಮೆ ಬಿಎನ್‌ಪಿಯವರೇ ಎಂದು ಮುಜೀಬರ ಪಕ್ಷ ಅವಾಮಿ ಲೀಗ್ ಬೊಬ್ಬೆ ಹಾಕಿತು. 2006ರ ಅಕ್ಟೋಬರಿನಲ್ಲಿ ಢಾಕಾದ ಬೀದಿಗಳಲ್ಲಿ ಹೆಣ ಬಿದ್ದವು. ಹಸನ್ ಈ ಉಸಾಬರಿಯೇ ಬೇಡ ಎಂದು ಕೈಮುಗಿದರು. 2007ರ ಜನವರಿ 11ರಂದು ತುರ್ತುಪರಿಸ್ಥಿತಿ. ಏಪ್ರಿಲ್‌ನಲ್ಲಿ ಮೌದೂದರು ಮತ್ತೆ ವಠಾರದ ಆಚೆ ಮನೆಗೆ. ಸಂವಿಧಾನವನ್ನು ಅರೆದು ಕುಡಿದವರ ಮೇಲೆ ಬಿದ್ದ ಕೇಸು ಮನೆಯಲ್ಲಿ ಮದ್ಯ ಇಟ್ಟುಕೊಂಡದ್ದು!

ಒಳಗಿದ್ದಾಗ ಅವರು ಪುಸ್ತಕ ಬರೆಯುತ್ತಿದ್ದರು, ಅದೂ ದಪ್ಪ ದಪ್ಪ. ದೇಶದಲ್ಲಿ ಪ್ರಜಾಪ್ರಭುತ್ವ ಎಲ್ಲಿ ಎಡವಿತು ಎಂಬುದೇ ವಿಷಯ. ಎಡವಿದಾಗಲೆಲ್ಲ ಪಕ್ಕದಲ್ಲೇ ನಿಂತಿದ್ದವರಿಗಿಂತ ಚೆನ್ನಾಗಿ ಬರೆಯುವವರು ಯಾರಿದ್ದಾರೆ?

ಸರ್ಕಾರಗಳು ಬಂದುಹೋದರೂ ಗುಲ್ಶನ್ನಿನ ದೊಡ್ಡ ಮನೆ ಮಾತ್ರ ಮೂರು ದಶಕ ಅವರ ಕೈಯಲ್ಲೇ ಇತ್ತು. ಮನೆ ಸಹೋದರನದು ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. 2017ರ ಜೂನ್‌ನಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದವರು ಬಂದು ಸಾಮಾನನ್ನೆಲ್ಲ ಹೊರಗೆ ಸಾಗಿಸಿದರು. ಅದರಲ್ಲಿ ಒಂದೆರಡು ಕುರ್ಚಿಗಳೂ ಇದ್ದಿರಬೇಕು.