ಅನುದಾನಿತ ಶಾಲೆ ಅಂದರೆ ಎಲ್ಲ ಖರ್ಚೂ ಸರ್ಕಾರದ್ದಲ್ಲ

ನಮ್ಮ ಅನುದಾನಿತ ಶಾಲೆಯ ಸೋರುವ ಮಾಡಿನ ಹೆಂಚಿಗೆ ಚಂದಾ ಕೇಳಿದ್ದಕ್ಕೆ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. "ಕ್ಯಾಥೊಲಿಕ್ ಬಾಲಕರ ಶಾಲೆಗೆ ಸರ್ಕಾರ ಪೂರ್ತಿ ಖರ್ಚು ಕೊಡುತ್ತೆ, ಫಾರಿನ್ ದುಡ್ಡೂ ಬರುತ್ತೆ. ಕಲಿಯೋದು ಬರೀ ಕ್ರೈಸ್ತರ ಮಕ್ಕಳು. ಮತ್ಯಾಕೆ ಹೆಂಚಿಗೆ ಚಂದಾ?" ಅಲ್ಲೇ ಪಾಠ ಮಾಡುವವನಾಗಿ ಹೇಳುತ್ತೇನೆ, ಇದು ತಪ್ಪು.

ಅನುದಾನ ಅಂದರೆ ಮುಖ್ಯವಾಗಿ ಮಂಜೂರಾದ ಹುದ್ದೆಗಳ ಸಂಬಳ. ಮಕ್ಕಳಿಗೆ ಪಠ್ಯಪುಸ್ತಕ, ಬಿಸಿಯೂಟ, ಹಾಲು ಸಿಗುತ್ತದೆ, ನಿಜ. ಆದರೆ ಮೇಷ್ಟ್ರೊಬ್ಬರು ನಿವೃತ್ತರಾದರೆ ಆ ಜಾಗ ತಾನಾಗೇ ತುಂಬುವುದಿಲ್ಲ. ಸರ್ಕಾರದ ಅನುಮತಿ ಬೇಕು. ಅಲ್ಲಿವರೆಗೆ ಗೌರವಧನದ ಮೇಲೆ ಪಾಠ ಮಾಡುವವರಿಗೆ ಆಡಳಿತ ಮಂಡಳಿಯೇ ಕೊಡಬೇಕು. ನಮ್ಮಲ್ಲಿ ಗಣಿತಕ್ಕೆ ಈಗ ಅಂಥವರೇ.

ಇನ್ನು ಹೆಂಚು. ಒಂಬತ್ತನೇ ತರಗತಿಯ ಮೂಲೆಯಲ್ಲಿ ಜೂನ್‌ನಿಂದ ಒಂದು ನೀಲಿ ಬಕೆಟ್ ಕೂತಿದೆ. ತುಂಬಿದಾಗ ಹೊರಗೆ ಚೆಲ್ಲುವುದು ಹಿಂದಿನ ಬೆಂಚಿನವರ ಪಾಳಿ. ಅವರಿಗೇನೋ ಖುಷಿಯೇ, ಎರಡು ನಿಮಿಷ ಪಾಠ ತಪ್ಪುತ್ತದಲ್ವಾ!

ವಿದೇಶಿ ದೇಣಿಗೆಯನ್ನು ಸುಮ್ನೆ ತಗೊಳ್ಳುವ ಹಾಗಿಲ್ಲ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಅಥವಾ ಮುಂಚೆಯೇ ಪಡೆದ ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮ ಶಾಲೆಗೆ ಅಂಥ ಖಾತೆಯೇ ಇಲ್ಲ.

ಸರ್ಕಾರದ ನೆರವು ಪಡೆವ ಶಾಲೆ ಧರ್ಮದ ಕಾರಣಕ್ಕೆ ಯಾರಿಗೂ ಸೀಟು ನಿರಾಕರಿಸುವಂತಿಲ್ಲ, ಸಂವಿಧಾನದ 29(2)ನೇ ವಿಧಿ ಇದೆ. ನಮ್ಮ ಹಾಜರಿ ಪುಸ್ತಕ ನೋಡಿದರೆ ಸಾಕು.

ಕಳೆದ ಭಾನುವಾರ ಗಾರೆ ಕೆಲಸದ ಇಬ್ಬರು ಹಳೆ ಹುಡುಗರು ಬಂದು ಅರ್ಧ ಮಾಡು ಸರಿ ಮಾಡಿ ಹೋದರು. ಕೂಲಿ ಬೇಡ ಅಂದರು. ಚಂದಾ ಕೇಳಿದ್ದು ಉಳಿದರ್ಧಕ್ಕೆ. ರಸೀದಿ ಪುಸ್ತಕ ಆಫೀಸಿನಲ್ಲಿದೆ, ಬಂದು ನೋಡಿ.